ದೋಣಿಗೆ ಹಾಕುವ ತೇಪೆ ಗೋಡೆಗೆ ಹಿಡಿದೀತೇ?

ಕಾರವಾರದ ಬೈತಖೋಲ ಬಂದರಿನಲ್ಲಿ ಫೈಬರ್ ದೋಣಿಗೆ ತೇಪೆ ಹಾಕುವುದನ್ನು ಕಂಡವರಿಗೆ ಕಾಂಪೋಸಿಟ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಒಡೆದ ಜಾಗವನ್ನು ಉಜ್ಜಿ, ಗಾಜಿನ ಎಳೆಯ ಮ್ಯಾಟ್ ಹಾಸಿ, ಬ್ರಷ್ಷಿನಿಂದ ರೆಸಿನ್ ಎಂಬ, ಒಣಗಿ ಗಟ್ಟಿಯಾಗುವ ಅಂಟು ಬಳಿಯುತ್ತಾರೆ. ಜಗ್ಗಿದರೆ ತಡೆಯುವುದು ಎಳೆ, ಎಳೆಯನ್ನು ಹಿಡಿದಿಡುವುದು ರೆಸಿನ್. ಇದೇ ಜಾತಿಯ ಸಾಮಗ್ರಿ ಹಳೆಯ ಕಟ್ಟಡಗಳ ದುರಸ್ತಿಗೂ ಇಳಿದಿದೆ.

ಅದಕ್ಕೂ ಮೊದಲು ಕಬ್ಬಿಣ, ಸಿಮೆಂಟುಗಳ ಕಾಲವಿತ್ತು. 1931ರ ಅಥೆನ್ಸ್ ಸಮ್ಮೇಳನ ಸ್ಮಾರಕಗಳ ದುರಸ್ತಿಗೆ ಆರ್‌ಸಿಸಿ ಬಳಸಬಹುದೆಂದು ಒಪ್ಪಿತು. ಅದೇ ಊರಿನ ಆಕ್ರೊಪೊಲಿಸ್ ಗುಡ್ಡದ ಪ್ರಾಚೀನ ದೇಗುಲಗಳಲ್ಲಿ 20ನೇ ಶತಮಾನದ ಆರಂಭದಲ್ಲಿ ಕೂರಿಸಿದ್ದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನೇ ಸೀಳಿದವು. ಅವನ್ನು ಕಿತ್ತು ಟೈಟಾನಿಯಂ ಹಾಕಬೇಕಾಯಿತು.

ನಮ್ಮ ಕರಾವಳಿಯ ಕೆಂಪುಕಲ್ಲಿನ ಗೋಡೆಗಳ ಕಥೆ ಬೇರೆಯಲ್ಲ. ಕುಮಟೆಯ ಹತ್ತಿರ ನಮ್ಮ ಅಜ್ಜನ ಮನೆಯ ಜಗುಲಿ ಗೋಡೆಗೆ ಸುಣ್ಣದ ಗಾರೆ ಕೆರೆದು ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ತಟ್ಟಿದರೆ ಟೊಳ್ಳು ಸದ್ದು. ಒಂದು ದಿನ ಹಪ್ಪಳದಂತೆ ಕಳಚಿ ಬಿತ್ತು. ಹಿಂಬದಿಗೆ ಬಿಳಿ ಉಪ್ಪು, ಅದರ ಜೊತೆ ಎರಡು ಬೆರಳು ದಪ್ಪ ಕಲ್ಲಿನ ಪುಡಿ. ಕೆಂಪುಕಲ್ಲು ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಬಿಡುವ ಬಾಗಿಲನ್ನೇ ಸಿಮೆಂಟ್ ಮುಚ್ಚಿತ್ತು.

ಕಾರ್ಬನ್ ಎಳೆಯ ಪಟ್ಟಿ ಅಂಟಿಸಿ ಕಟ್ಟಡ ಬಲಪಡಿಸುವ ಪ್ರಯೋಗ 1980ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆಯಿತು. 1991ರಲ್ಲಿ ಅಲ್ಲಿನ ಈಬಾಖ್ ಸೇತುವೆಗೆ ಅಂಥ ಪಟ್ಟಿ ಅಂಟಿಸಿದರು. 1997ರ ಸೆಪ್ಟೆಂಬರ್ 26ರ ಭೂಕಂಪಕ್ಕೆ ಇಟಲಿಯ ಅಸ್ಸಿಸಿ ಊರಿನ ಬೆಸಿಲಿಕಾ ಚರ್ಚಿನಲ್ಲಿ ಚಿತ್ರ ಬಿಡಿಸಿದ ಕಮಾನು ಚಾವಣಿಯ ಭಾಗ ಕುಸಿದು ನಾಲ್ವರು ಸತ್ತರು. ಉಳಿದ ಚಾವಣಿಯ ಬೆನ್ನಿಗೆ ಮರ ಮತ್ತು ಅರಾಮಿಡ್ ಎಳೆಯ ಪಕ್ಕೆಲುಬು ಕಟ್ಟಿದರು. ಅರಾಮಿಡ್ ಎಂದರೆ ಗುಂಡು ನಿರೋಧಕ ಕವಚಕ್ಕೆ ಬಳಸುವ ಎಳೆ. ಕೆಳಗೆ ನಿಂತು ನೋಡುವವರಿಗೆ ಚಿತ್ರ ಮಾತ್ರ ಕಾಣುತ್ತದೆ.

ಆದರೆ ಇಂಥ ಪಟ್ಟಿಗಳನ್ನು ಅಂಟಿಸುವ ಎಪಾಕ್ಸಿ ರೆಸಿನ್ನೂ ಸಿಮೆಂಟಿನಂತೆಯೇ ಉಸಿರಾಡುವುದಿಲ್ಲ. ಸಾಮಾನ್ಯ ಎಪಾಕ್ಸಿಗಳು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತವೆ. ಹಾಗಾಗಿ ಆಮೇಲೆ ಬಂದ ಪದ್ಧತಿಯಲ್ಲಿ ಅಂಟಿನ ಬದಲು ಸುಣ್ಣದ ಗಾರೆ, ಅದರೊಳಗೆ ಗಾಜಿನ ಅಥವಾ ಬಸಾಲ್ಟ್ ಎಂಬ ಕಪ್ಪು ಕಲ್ಲಿನ ಎಳೆಯ ಜಾಲರಿ. ಮಣ್ಣಿಗೆ ಹುಲ್ಲು ಕಲಸಿ ಗೋಡೆ ಮೆತ್ತುತ್ತಿದ್ದವರಿಗೆ ಇದರಲ್ಲಿ ಹೊಸದೇನಿದೆ ಅನ್ನಿಸೀತು. ಮಿರ್ಜಾನಿನ ಕೆಂಪುಕಲ್ಲಿನ ಕೋಟೆಯಂಥ ಕಡೆ, ಒಂದು ವೇಳೆ ಬೇಕೇ ಆದರೆ, ನನ್ನ ಮತ ಈ ಜಾಲರಿಗೇ, ಅಂಟಿನ ಪಟ್ಟಿಗಲ್ಲ.

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಗೋಡೆಯಂಥದ್ದಕ್ಕೆ ಮಾತ್ರ ಎರಡೂ ನಡೆಯವು. ಸುಣ್ಣದ ಮೇಲೆ ಕಾವಿ ಬಳಿದು, ಹಸಿಯಿರುವಾಗಲೇ ಗೀರಿ ಬಿಳಿ ತೋರಿಸುವ ಕಲೆ ಅದು. ಅಲ್ಲಿ ಚಿತ್ರವೇ ಗಾರೆ. ಜಾಲರಿ ಕೂರಿಸಬೇಕೆಂದರೆ ಮೊದಲು ಚಿತ್ರವನ್ನೇ ಕೆರೆಯಬೇಕು.