ಚರ್ಚ್ ಬಿಟ್ಟವರು, ಹರಕೆ ಬಿಡದವರು

ಮೈಸೂರು, ಮಂಡ್ಯ ಭಾಗದ ಕಥೋಲಿಕ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: ‘ಅವರು ಈಗ ಪೂಜೆಗೆ ಬರುವುದಿಲ್ಲ, ಪ್ರಾರ್ಥನೆಗೆ ಹೋಗುತ್ತಾರೆ.’ ಹೇಳುವವರ ದನಿ ತಗ್ಗುತ್ತದೆ, ಕೇಳುವವರು ಮುಂದೆ ಪ್ರಶ್ನಿಸುವುದಿಲ್ಲ. ಹೊರಗಿನ ಲೋಕದಲ್ಲಿ ಮತಾಂತರದ ಚರ್ಚೆಗೆ ಬಿಡುವೇ ಇಲ್ಲ. 2021ರ ಡಿಸೆಂಬರ್‌ನಲ್ಲಿ ಕರ್ನಾಟಕ ವಿಧಾನಸಭೆ ಮತಾಂತರ ತಡೆ ಮಸೂದೆ ಅಂಗೀಕರಿಸಿತು, 2022ರಲ್ಲಿ ಅದು ಕಾಯ್ದೆಯಾಯಿತು, 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಈ ಇಡೀ ಗದ್ದಲ ಕ್ರೈಸ್ತ ಧರ್ಮದ ಒಳಗೆ ಬರುವವರ ಬಗ್ಗೆ. ಕಥೋಲಿಕ ಧರ್ಮಸಭೆಯಿಂದ ಸದ್ದಿಲ್ಲದೆ ಹೊರನಡೆಯುವವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಜನಗಣತಿಯ ಮುಖ್ಯ ಪಟ್ಟಿಯಲ್ಲಿ ಪ್ರಾಟೆಸ್ಟೆಂಟ್ ಪಾಸ್ಟರ್‌ಗಳ ಪ್ರಾರ್ಥನಾ ಸಭೆಗೆ ಹೋಗುವವರೂ ಕ್ರೈಸ್ತರೇ, ಕಥೋಲಿಕರ ಬಲಿಪೂಜೆಗೆ (ಮಾಸ್) ಹೋಗುವವರೂ ಕ್ರೈಸ್ತರೇ.

ಈ ನೆಲದಲ್ಲಿ ಬಿಡುವುದು, ಮರಳುವುದು ಎರಡೂ ಹಳೆಯವು. 17ನೇ ಶತಮಾನದ ನಡುವಿನಲ್ಲಿ ಯೇಸುಸಭೆ (ಜೆಸುಯಿಟ್) ಎಂಬ ಪಾದ್ರಿಗಳ ಸಂಘಕ್ಕೆ ಸೇರಿದ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. 1773ರಲ್ಲಿ ರೋಮ್ ಆ ಸಭೆಯನ್ನೇ ವಿಸರ್ಜಿಸಿತು. 1784ರಲ್ಲಿ ಕರಾವಳಿಯ ಕ್ರೈಸ್ತರು ಟಿಪ್ಪುವಿನ ಸೆರೆಯಾಳುಗಳಾಗಿ ಇದೇ ಪಟ್ಟಣಕ್ಕೆ ಬಂದರು, ಹಲವರ ಧರ್ಮ ಬಲವಂತದಿಂದ ಬದಲಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅವರನ್ನು ಮತ್ತೆ ಒಗ್ಗೂಡಿಸಲು ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದ್ಯುಬುವಾ. ಅದೇ ದ್ಯುಬುವಾ 1823ರಲ್ಲಿ ಭಾರತ ಬಿಡುವ ಹೊತ್ತಿಗೆ, ಹಿಂದೂಗಳನ್ನು ಮತಾಂತರಿಸುವ ಕೆಲಸವೇ ಫಲಿಸದು ಎಂಬ ನಿಲುವಿಗೆ ಬಂದಿದ್ದರು. ಆಮೇಲಿನ ನೂರು ವರ್ಷ ಕಟ್ಟುವ ಕಾಲ. ಶಾಲೆ, ಆಸ್ಪತ್ರೆ, ಅನಾಥಾಲಯಗಳು ಬಂದವು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ ಅಡಿಗಲ್ಲು ಹಾಕಿದರು.

ಇಂದಿನ ಕಥೆ ಶುರುವಾಗುವುದು ಜಗತ್ತಿನ ಕಥೋಲಿಕ ಬಿಷಪರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ನಂತರ. ಲ್ಯಾಟಿನ್ ಸರಿದು ಬಲಿಪೂಜೆ ಕನ್ನಡಕ್ಕೆ ಬಂತು, ಬೈಬಲ್ ಓದಿರೆಂದು ಧರ್ಮಸಭೆಯೇ ಹೇಳಿತು. ಓದಿದವರು ಪ್ರಶ್ನೆ ಕೇಳತೊಡಗಿದರು. ಪ್ರತಿಮೆ ಏಕೆ? ಮಾತೆ ಮರಿಯಮ್ಮನಿಗೆ ಇಷ್ಟು ಜಪಮಾಲೆ ಏಕೆ? ಅರಿವಿಲ್ಲದ ಕೂಸಿಗೆ ಜ್ಞಾನಸ್ನಾನ (ಬ್ಯಾಪ್ಟಿಸಂ) ಏಕೆ? ಉತ್ತರಗಳಿದ್ದವು, ಆದರೆ ಅವು ಪಾದ್ರಿಗಳನ್ನು ತಯಾರು ಮಾಡುವ ಗುರುಮಠದ ಪುಸ್ತಕಗಳಲ್ಲಿದ್ದವು. ಇದೇ ಹೊತ್ತಿಗೆ, 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ ಕಥೋಲಿಕ ವರದಾನ (ಕ್ಯಾರಿಸ್ಮ್ಯಾಟಿಕ್) ಚಳವಳಿ 1970ರ ದಶಕದ ಆರಂಭದಲ್ಲಿ ಭಾರತಕ್ಕೆ ಬಂತು. ಕೇರಳದ ಪೋಟ್ಟ, ಮುರಿಂಗೂರು ಧ್ಯಾನಕೇಂದ್ರಗಳ ಹೆಸರು ನಮ್ಮ ಊರುಗಳಿಗೂ ತಲುಪಿತು. ಕಾಯಿಲೆಯವರು, ಕುಡುಕ ಗಂಡಂದಿರ ಹೆಂಡಂದಿರು, ಕೆಲಸ ಕಳೆದುಕೊಂಡವರು ಬಸ್ ಹತ್ತಿ ಹೋದರು. ಕೈಯೆತ್ತಿ ಹಾಡಿದರು, ಗಟ್ಟಿಯಾಗಿ ಅತ್ತರು, ಮನಸ್ಸು ಹಗುರ ಮಾಡಿಕೊಂಡು ಬಂದರು.

ಮರಳಿ ಬಂದದ್ದು ತಮ್ಮ ಊರಿನ ಚರ್ಚಿನ ಅದೇ ಹಳೆಯ ಧರ್ಮಕೇಂದ್ರಕ್ಕೆ (ಪ್ಯಾರಿಷ್). ಹಳ್ಳಿಗಳಲ್ಲಿ ಒಬ್ಬ ಗುರು ಹಲವು ಉಪಕೇಂದ್ರಗಳನ್ನು ನೋಡಿಕೊಳ್ಳಬೇಕು, ಜೊತೆಗೆ ಶಾಲೆಯ ಆಡಳಿತ, ಕಟ್ಟಡದ ಲೆಕ್ಕ, ಹಬ್ಬದ ಸಿದ್ಧತೆ. ಭಾನುವಾರ ಪೂಜೆ ಮುಗಿಸಿ ಮುಂದಿನ ಊರಿಗೆ ಓಡುವ ಗುರುವಿಗೆ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆಂದು ತಿಳಿಯುವುದಾದರೂ ಹೇಗೆ? ಅತ್ತ ಪಕ್ಕದ ಬೀದಿಯ ಬಾಡಿಗೆ ಮನೆಯಲ್ಲಿ ಪಾಸ್ಟರ್ ಒಬ್ಬರ ಪ್ರಾರ್ಥನಾ ಕೂಟ ಸೇರುತ್ತಿತ್ತು. ಅಲ್ಲಿ ಹೆಸರು ಹಿಡಿದು ಕರೆಯುತ್ತಿದ್ದರು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು, ಅಪರಾತ್ರಿಯಲ್ಲೂ ಆಸ್ಪತ್ರೆಗೆ ಬರುತ್ತಿದ್ದರು. ಹೆಣ್ಣುಮಕ್ಕಳು ಎದ್ದುನಿಂತು ಸಾಕ್ಷಿ ಹೇಳಬಹುದಿತ್ತು. ಮುಳುಗು ದೀಕ್ಷಾಸ್ನಾನ, ದಶಮಾಂಶ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ), ಗೋಡೆಯ ಪಟಗಳನ್ನು ಇಳಿಸುವುದು ಎಲ್ಲ ಆಮೇಲಿನ ಮಾತು. ಸಿದ್ಧಾಂತ ಒಪ್ಪಿ ಹೋದವರಿಗಿಂತ, ಕಷ್ಟದಲ್ಲಿ ಬಾಗಿಲು ತಟ್ಟಿದವರ ಹಿಂದೆ ಹೋದವರೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ.

ದೂರದ ಸಮೀಕ್ಷೆಯೊಂದು ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಲ್ಯಾಟಿನ್ ಅಮೆರಿಕದ ಬಗ್ಗೆ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕಥೋಲಿಕರಾಗಿ ಬೆಳೆದವರು ಶೇ. 84, ಕಥೋಲಿಕರಾಗಿ ಉಳಿದವರು ಶೇ. 69. ಬಿಟ್ಟು ಪ್ರಾಟೆಸ್ಟೆಂಟರಾದವರಲ್ಲಿ ಶೇ. 81ರಷ್ಟು ಜನ ಕೊಟ್ಟ ಕಾರಣ, ದೇವರೊಂದಿಗೆ ಇನ್ನಷ್ಟು ಆಪ್ತವಾದ ಸಂಬಂಧ ಬೇಕಿತ್ತು ಎಂಬುದು.

ಮದುವೆಯ ಕಾರಣಕ್ಕೆ ಹೊರಬಿದ್ದವರ ದಾರಿ ಬೇರೆ. ಕಥೋಲಿಕ ವಿವಾಹಕ್ಕೆ ವಿಚ್ಛೇದನವಿಲ್ಲ. ಧರ್ಮಸಭೆಯ ನ್ಯಾಯಮಂಡಳಿ ಆ ಮದುವೆ ಮೊದಲಿನಿಂದಲೂ ಅಸಿಂಧು ಎಂದು ಸಾರಬೇಕು. ಆ ತೀರ್ಪಿಗೆ ದೇಶದ ಕಾನೂನಿನಲ್ಲಿ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಹಾಗಾಗಿ ಮುರಿದ ಸಂಸಾರದವರು ಎರಡೆರಡು ಬಾಗಿಲು ಅಲೆಯಬೇಕು. ಪೋಪ್ ಫ್ರಾನ್ಸಿಸ್ 2015ರಲ್ಲಿ ಪ್ರಕ್ರಿಯೆಯನ್ನು ಸರಳಗೊಳಿಸಿದರು, ಪ್ರತಿ ಪ್ರಕರಣಕ್ಕೂ ಎರಡನೇ ತೀರ್ಪು ಬೇಕೆಂಬ ನಿಯಮ ಹೋಯಿತು. ಆದರೆ ಅಷ್ಟರೊಳಗೆ ನ್ಯಾಯಾಲಯದಲ್ಲಿ ವಿಚ್ಛೇದನ ಪಡೆದು, ರಿಜಿಸ್ಟರ್ ಮದುವೆಯಾಗಿ, ಆ ಮದುವೆಯನ್ನು ಧರ್ಮಸಭೆ ಒಪ್ಪದ ಕಾರಣ ಪರಮಪ್ರಸಾದಕ್ಕೆ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಸಾಲು ನಿಲ್ಲಲಾರದೆ ಕೊನೆಯ ಬೆಂಚಿಗೆ, ಅಲ್ಲಿಂದ ಬಾಗಿಲಾಚೆಗೆ ಸರಿದವರಿದ್ದಾರೆ. ಅವರಲ್ಲಿ ಹಲವರು ನಂಬಿಕೆ ಕಳೆದುಕೊಂಡವರಲ್ಲ, ನಾಚಿಕೆಗೆ ಸೋತವರು.

ಜಾತಿಯ ಮಾತನ್ನು ಬಿಡುವಂತಿಲ್ಲ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸೌಲಭ್ಯ ಮೊದಲು ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು ಹೊರಗೇ ಉಳಿದರು. ಮಕ್ಕಳ ಪ್ರಮಾಣಪತ್ರಕ್ಕಾಗಿ ಕಾಗದದಲ್ಲಿ ಹಿಂದೂಗಳಾಗಿ ಮುಂದುವರಿಯುವ ಕುಟುಂಬಗಳಿಗೆ ಭಾನುವಾರ ಒಂದು ಗುರುತು, ಸೋಮವಾರ ಇನ್ನೊಂದು. ಕೆಲವರು ಎರಡನೆಯದರಲ್ಲೇ ನೆಲೆಸುತ್ತಾರೆ. ಸಮಾನತೆ ಹುಡುಕಿ ಬಂದ ಸಭೆಯಲ್ಲೂ ಜಾತಿ ಕಂಡದ್ದು ಅವರ ಇನ್ನೊಂದು ನೋವು.

ಬಿಟ್ಟ ಮೇಲೆ ಇವರು ಏನು ನಂಬುತ್ತಾರೆ? ಪ್ರಾರ್ಥನಾ ಸಭೆ ಸೇರಿದವರಲ್ಲಿ ಯೇಸುವಿನ ಮೇಲಿನ ನಂಬಿಕೆ ಗಟ್ಟಿಯಾಗಿಯೇ ಇರುತ್ತದೆ, ಸಂತರು ಮಾತ್ರ ಹೊರಟುಹೋಗಿರುತ್ತಾರೆ. ಮದುವೆಯ ಕಾರಣಕ್ಕೆ ಸರಿದವರ ಮನೆಯಲ್ಲಿ ಜಪಮಾಲೆ ಉಳಿದಿರುತ್ತದೆ. ಡೋರನಹಳ್ಳಿಯ ಸಂತ ಅಂತೋಣಿಯವರ ಕ್ಷೇತ್ರಕ್ಕೆ ಹರಕೆ ಹೊತ್ತು ಬರುವ ಎಲ್ಲ ಧರ್ಮದವರ ನಡುವೆ ಇವರೂ ಇರುತ್ತಾರೆ. ಅಲ್ಲಿ ಯಾರೂ ದಾಖಲೆ ಕೇಳುವುದಿಲ್ಲ. ಓದು, ಉದ್ಯೋಗವೆಂದು ಬೆಂಗಳೂರು ಸೇರಿದ ಯುವಕರಲ್ಲಿ ದೇವರೇ ಬೇಡವೆನ್ನುವವರೂ ಇದ್ದಾರೆ. 2002ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಹೊರಬಿದ್ದ, ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಸುದ್ದಿಗಳನ್ನು ಅವರು ಓದಿದ್ದಾರೆ. ಕ್ರಿಸ್‌ಮಸ್‌ಗೆ ಅಮ್ಮನ ಜೊತೆ ಬರುತ್ತಾರೆ, ಅಮ್ಮನಿಗೆ ಏನನ್ನೂ ಹೇಳುವುದಿಲ್ಲ. ಆ ಮೌನವನ್ನು ಕಪಟ ಎನ್ನಲು ನನಗೆ ಮನಸ್ಸಿಲ್ಲ.

ಧರ್ಮಸಭೆಯ ಕಾನೂನಿನ ದೃಷ್ಟಿಯಲ್ಲಿ ಜ್ಞಾನಸ್ನಾನವನ್ನು ಅಳಿಸಲಾಗದು. ವಿವಾಹದ ನಿಯಮಗಳಲ್ಲಿದ್ದ ‘ವಿಧಿಪೂರ್ವಕವಾಗಿ ತೊರೆಯುವುದು’ ಎಂಬ ಪ್ರಸ್ತಾಪವನ್ನೂ 2009ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ತೆಗೆದುಹಾಕಿದರು. ಆದ್ದರಿಂದ ಮರಳುವವರಿಗೆ ಮತ್ತೆ ಜ್ಞಾನಸ್ನಾನ ಬೇಡ; ಸಾಮಾನ್ಯವಾಗಿ ಗುರುವಿನ ಮುಂದೆ ಪಾಪನಿವೇದನೆ ಸಾಕು, ಮದುವೆಯ ತೊಡಕಿದ್ದರೆ ನ್ಯಾಯಮಂಡಳಿಗೆ ಅರ್ಜಿ. ಇಷ್ಟನ್ನು ವರ್ಷಕ್ಕೊಮ್ಮೆಯಾದರೂ ಪ್ರಬೋಧನೆಯಲ್ಲಿ ಹೇಳಬಹುದು, ಮನೆ ಭೇಟಿಯಲ್ಲಿ ತಿಳಿಸಬಹುದು. ಆ ಭೇಟಿಗೆ ಸಮಯ ಸಿಗಬೇಕಾದರೆ ಶಾಲೆ ಮತ್ತು ಕಟ್ಟಡದ ಲೆಕ್ಕವನ್ನು ಗುರುಗಳ ಕೈಯಿಂದ ವಿಶ್ವಾಸಿಗಳು ವಹಿಸಿಕೊಳ್ಳಬೇಕಾಗುತ್ತದೆ.