ಮಾತಿನ ಅಂಜಿಕೆ ಮತ್ತು ಪಾಠದ ಕ್ರಮ

ಸೆಮಿನಾರ್ ದಿನ ಗೈರಾಗುವ ಕನ್ನಡ ಮಾಧ್ಯಮದ ವಿದ್ಯಾರ್ಥಿಯನ್ನು ಬೆಂಗಳೂರಿನ ಕಾಲೇಜುಗಳಲ್ಲಿ ‘ಸಂಕೋಚದ ಸ್ವಭಾವ’ ಎಂದು ಕೈಬಿಡುವುದುಂಟು. 1970ರಲ್ಲಿ ಅಮೆರಿಕದ ಸಂವಹನ ಸಂಶೋಧಕ ಜೇಮ್ಸ್ ಮೆಕ್‌ಕ್ರಾಸ್ಕಿ ಇತರರೊಡನೆ ಮಾತಾಡುವ ಈ ಅಂಜಿಕೆಯನ್ನು ಅಳೆಯಲು ಹೊರಟರು. ಅವರ 24 ಹೇಳಿಕೆಗಳ ಪ್ರಶ್ನಾವಳಿ ಗುಂಪುಚರ್ಚೆ, ಸಭೆ, ಇಬ್ಬರ ಮಾತುಕತೆ, ವೇದಿಕೆಯ ಭಾಷಣಗಳಿಗೆ ಬೇರೆಬೇರೆ ಅಂಕ ಕೊಡುತ್ತದೆ. ಒಂದರಲ್ಲಿ ತಡವರಿಸುವವರು ಇನ್ನೊಂದರಲ್ಲಿ ಸರಾಗವಾಗಿ ಮಾತಾಡಬಲ್ಲರು. 1986ರಲ್ಲಿ ಎಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು ಪರಭಾಷೆಯ ತರಗತಿಗೆಂದೇ 33 ಹೇಳಿಕೆಗಳ ಅಳತೆಗೋಲು ತಂದರು.

ಅಷ್ಟರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿಕೆಯ ದೊಡ್ಡ ಪ್ರಯೋಗವೊಂದು ಮುಗಿದಿತ್ತು. ವಾಕ್ಯದ ಅಚ್ಚುಗಳನ್ನು ಗಿಳಿಪಾಠ ಒಪ್ಪಿಸುವ ಕ್ರಮದಿಂದ ಬೇಸತ್ತು ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ನಡೆಸಿದ ಈ ಯೋಜನೆ 1979ರಿಂದ 1984ರವರೆಗೆ ಇಲ್ಲಿನ ಹಾಗೂ ಮದ್ರಾಸಿನ ಸುತ್ತಮುತ್ತಲ ಶಾಲೆಗಳಲ್ಲಿ ನಡೆಯಿತು. ರೈಲಿನ ವೇಳಾಪಟ್ಟಿ ನೋಡಿ ಉತ್ತರ ಹುಡುಕುವಂಥ ಸಮಸ್ಯೆಯನ್ನು ಮೊದಲು ಶಿಕ್ಷಕರು ಇಡೀ ತರಗತಿಯೊಂದಿಗೆ ಬಿಡಿಸುತ್ತಿದ್ದರು. ಬಳಿಕ ಅಂಥದೇ ಇನ್ನೊಂದನ್ನು ಮಕ್ಕಳು ಒಬ್ಬೊಬ್ಬರೇ ಮಾಡುತ್ತಿದ್ದರು. ಒಂದೇ ಪದದ ಉತ್ತರವೂ ಸಲ್ಲುತ್ತಿತ್ತು. ಭಾಷೆ ತಪ್ಪಿದರೆ ಶಿಕ್ಷಕರು ಸರಿಯಾದ ರೂಪದಲ್ಲಿ ಮರುನುಡಿದು ಮುಂದೆ ಸಾಗುತ್ತಿದ್ದರು. ಭಯ ಕಳೆಯುವುದು ಯೋಜನೆಯ ಗುರಿಯಾಗಿರಲಿಲ್ಲ. ಅರ್ಥದತ್ತ ಗಮನವಿಟ್ಟರೆ ವ್ಯಾಕರಣ ಮೈಗೂಡುತ್ತದೆಯೇ ಎಂಬುದೇ ಪ್ರಶ್ನೆ. ಆದರೂ ಇಂದಿನ ತರಗತಿಗೆ ಅಲ್ಲಿಂದ ಎತ್ತಿಕೊಳ್ಳಬೇಕಾದದ್ದು ಈ ಒತ್ತಾಯವಿಲ್ಲದಿರುವಿಕೆಯನ್ನೇ ಎಂದು ನಮ್ಮ ಅಭಿಪ್ರಾಯ.

ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ ಮಕ್ಕಳನ್ನು ಚಿಕ್ಕ ಗುಂಪುಗಳಲ್ಲಿ ಕೂರಿಸಿತು. ಅದು ಮೂರನೆಯ ತರಗತಿಗೇ ನಿಲ್ಲುತ್ತದೆ. ನಾಲ್ಕರಿಂದ ಮತ್ತೆ ಸಾಲು ಬೆಂಚು, ಎದ್ದು ನಿಂತು ಉತ್ತರ.

ಅಂಜಿಕೆ ಬಲಿಯುವುದು ಸಣ್ಣ ಅಭ್ಯಾಸಗಳಲ್ಲಿ. ರೋಲ್ ನಂಬರ್ ಪ್ರಕಾರ ಕೇಳಿದರೆ ವಿದ್ಯಾರ್ಥಿ ತನ್ನ ಸರದಿ ಎಣಿಸುತ್ತಾನೆಯೇ ಹೊರತು ಪಾಠ ಕೇಳುವುದಿಲ್ಲ. ಪ್ರಶ್ನೆಯ ನಂತರ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡ್ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡ್ ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಬಾಯಿಬಿಟ್ಟರು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಬೇಕಾದವರಿಗೆ ಐದು ಸೆಕೆಂಡಾದರೂ ಕೊಡಿ.

ಕ್ರಮ ಹೀಗಿರಲಿ: ಒಂದು ನಿಮಿಷ ಬರವಣಿಗೆ, ಎರಡು ನಿಮಿಷ ಪಕ್ಕದವರೊಂದಿಗೆ ಚರ್ಚೆ (ಇಲ್ಲಿ ಕನ್ನಡ ಧಾರಾಳವಾಗಿ ಬರಲಿ), ಆಮೇಲೆ ಜೋಡಿಯ ಉತ್ತರವನ್ನು ತರಗತಿಗೆ ಹೇಳುವುದು. ಉತ್ತರ ಇಬ್ಬರದಾದ್ದರಿಂದ ತಪ್ಪಿನ ಭಾರ ಒಬ್ಬರ ಮೇಲೆ ಬೀಳದು. ಗುಂಪು ನಾಲ್ವರನ್ನು ಮೀರಿದರೆ ಇಬ್ಬರು ಮಾತಾಡಿ ಉಳಿದವರು ಮರೆಯಾಗುತ್ತಾರೆ. ವಾಕ್ಯದ ನಡುವೆ ಉಚ್ಚಾರಣೆ ತಿದ್ದಬೇಡಿ. ಇಂಟರ್ನಲ್ ಅಂಕವನ್ನು ಮೊದಲ ಸೆಮಿನಾರಿಗೇ ಕಟ್ಟಬೇಡಿ, ಮೂರನೆಯದಕ್ಕೆ ಇಡಿ. ಮೊದಲೆರಡರ ಕೊನೆಗೆ ವಿಷಯದ ಬಗ್ಗೆ ಒಂದು ನಿಜವಾದ ಪ್ರಶ್ನೆ ಕೇಳಿದರೆ ಸಾಕು.