ಎಂಟು ದಾರಿ, ಒಂದೇ ಕಾರ್ಡ್

ಬ್ಯಾಂಕ್‌ಗಳಂಥ ಕಡೆ ಬಳಸುವ ದೊಡ್ಡ ಕಂಪ್ಯೂಟರ್ ಮೇನ್‌ಫ್ರೇಮ್. ಅದರಲ್ಲಿ ಒಂದು ಡಿಸ್ಕ್‌ಗೆ ಎಂಟು ಚಾನೆಲ್‌ಗಳವರೆಗೆ, ಅಂದರೆ ಡೇಟಾ ಸಾಗುವ ದಾರಿಗಳನ್ನು, ಕೊಡಬಹುದು. ಒಂದು ಕೆಟ್ಟರೆ ಯಂತ್ರ ಸದ್ದಿಲ್ಲದೆ ಇನ್ನೊಂದನ್ನು ಹಿಡಿಯುತ್ತದೆ. ಎಟಿಎಂ ಮುಂದೆ ನಿಂತವರಿಗೆ ಏನೂ ತಿಳಿಯುವುದಿಲ್ಲ. ತಪ್ಪು ಜೋಡಣೆಗಳು ವರ್ಷಗಟ್ಟಲೆ ಅಡಗಿ ಕೂರುವುದೂ ಇದರಿಂದಲೇ.

1964ರಲ್ಲಿ ಬಂದ ಐಬಿಎಂ ಸಿಸ್ಟಮ್/360ರ ಕಾಲದಲ್ಲಿ ಚಾನೆಲ್ ಎಂದರೆ ದಪ್ಪ ತಾಮ್ರದ ಕೇಬಲ್‌ಗಳು. 1990ರಲ್ಲಿ ಎಸ್ಕಾನ್ ಎಂಬ ಚಾನೆಲ್ ಬಗೆ ಬೆಳಕಿನ ಎಳೆಗಳನ್ನು (ಫೈಬರ್) ತಂದಿತು, 1998ರಲ್ಲಿ ಅದರ ಮುಂದಿನ ಬಗೆಯಾದ ಫೈಕಾನ್ ಬಂತು. ಈಗ ನೆಲದಡಿ ಹರಿಯುವ ನೂರಾರು ತೆಳು ಎಳೆಗಳು ನೋಡಲು ಒಂದೇ ಥರ.

ಹಾಗಾಗಿ ಗುರುತುಗಳನ್ನೇ ನಂಬಬೇಕು. ಚಿಪ್‌ಐಡಿ ಎಂಬುದು ಚಾನೆಲ್‌ನ ಎರಡಂಕಿಯ ಹೆಕ್ಸ್ (ಹದಿನಾರರ ಎಣಿಕೆಯ) ಸಂಖ್ಯೆ. ಒಂದು ಚಾನೆಲ್ ಉಪವ್ಯವಸ್ಥೆಯಲ್ಲಿ 256 ಮಾತ್ರ. 2003ರ ಝೆಡ್990 ಯಂತ್ರದಲ್ಲಿ ಇಂಥ ಉಪವ್ಯವಸ್ಥೆಗಳು ಒಂದಕ್ಕಿಂತ ಹೆಚ್ಚಾದವು. ಒಂದೇ ಚಿಪ್‌ಐಡಿ ಎರಡು ಕಡೆ ಬರಬಹುದಾದ್ದರಿಂದ, ಎಳೆ ಸಿಕ್ಕಿಸುವ ನಿಜವಾದ ಕಿಂಡಿಯನ್ನು (ಪೋರ್ಟ್) ತೋರಿಸಲು ಪಿ-ಚಿಡ್ ಎಂಬ ಇನ್ನೊಂದು ಸಂಖ್ಯೆ ಬೇಕಾಯಿತು. ಎಳೆಯ ತುದಿಗಳಲ್ಲಿರುವ ಫೈಬರ್ ಪೋರ್ಟ್‌ಗಳಿಗೆ 64 ಬಿಟ್‌ನ, ಹದಿನಾರು ಹೆಕ್ಸ್ ಅಂಕಿಗಳ ಜಾಗತಿಕ ಹೆಸರಿರುತ್ತದೆ.

ಈ ಜೋಡಣೆಗಳ ಆಡಿಟ್ ಮಾಡುವವರು ಹಳೆಯ ನಕ್ಷೆಯನ್ನು ಬದಿಗಿಟ್ಟು ಯಂತ್ರವನ್ನೇ ಕೇಳಬೇಕು. ಮೇನ್‌ಫ್ರೇಮ್‌ನ ಕಾರ್ಯವ್ಯವಸ್ಥೆಯಾದ ಝೆಡ್/ಓಎಸ್‌ನ ಕನ್ಸೋಲ್‌ನಲ್ಲಿ ಸಾಧನದ ಸಂಖ್ಯೆ, ಚಿಪ್‌ಐಡಿ ಎರಡನ್ನೂ ಕೊಟ್ಟು 'ಡಿ ಎಂ=ಡೆವ್' ಆಜ್ಞೆ ಕೊಟ್ಟರೆ, ಆಚೆ ತುದಿಯ ಸ್ಟೋರೇಜ್ ಪೆಟ್ಟಿಗೆ ಹೇಳಿಕೊಂಡ ಗುರುತೇ ತೆರೆಯ ಮೇಲೆ ಬರುತ್ತದೆ: ಮಾದರಿ, ತಯಾರಕರು, ಸೀರಿಯಲ್ ಸಂಖ್ಯೆ. ಜೊತೆಗಿರುವ, ಪೆಟ್ಟಿಗೆಯ ಯಾವ ಕಿಂಡಿ ಎಂದು ಹೇಳುವ ಟ್ಯಾಗ್ ಅನ್ನು ಎಷ್ಟೋ ಜನ ಗಮನಿಸುವುದಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ. ಸೀರಿಯಲ್ ಹೊಂದಿ ಟ್ಯಾಗ್ ಹೊಂದದಿದ್ದರೆ ಪೆಟ್ಟಿಗೆ ಸರಿ, ಕಿಂಡಿ ತಪ್ಪು.

ಕಿಂಡಿ ತಪ್ಪಿದರೂ ಡೇಟಾ ಹರಿಯುತ್ತಲೇ ಇರುತ್ತದಲ್ಲ? ಹರಿಯುತ್ತದೆ. ಆದರೆ ಎಂಟು ದಾರಿಗಳೂ ಕೊನೆಗೆ ಸ್ಟೋರೇಜ್ ಪೆಟ್ಟಿಗೆಯ ಒಂದೇ ಅಡಾಪ್ಟರ್ ಕಾರ್ಡ್‌ಗೆ ಅಥವಾ ನಡುವೆ ದಾರಿ ಹಂಚುವ ಸ್ವಿಚ್ ಆದ ಫೈಕಾನ್ ಡೈರೆಕ್ಟರ್ ಒಂದಕ್ಕೇ ಬಂದು ಸೇರಿದ್ದರೆ, ಲೆಕ್ಕಕ್ಕೆ ಎಂಟು, ರಕ್ಷಣೆಗೆ ಒಂದೇ. ಅದಕ್ಕೇ ಪ್ರತಿ ದಾರಿಗೂ ಚಿಪ್‌ಐಡಿ, ಪಿ-ಚಿಡ್, ಡೈರೆಕ್ಟರ್ ಪೋರ್ಟ್, ಸ್ಟೋರೇಜ್ ಪೋರ್ಟ್, ಅದು ಕೂತಿರುವ ಕಾರ್ಡ್ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದು ನೋಡಬೇಕು. ಎರಡು ಎಳೆಗಳು ನೆಲದಡಿಯ ಒಂದೇ ಕೇಬಲ್ ಟ್ರೇಯಲ್ಲಿ ಸಾಗುತ್ತಿವೆಯೇ ಎಂಬುದನ್ನು ಯಾವ ಆಜ್ಞೆಯೂ ಹೇಳದು. ಅದಕ್ಕೆ ನೆಲದ ಹಲಗೆ ಎತ್ತಿಯೇ ನೋಡಬೇಕು.

ಸ್ಟೋರೇಜ್‌ನ ಮೈಕ್ರೋಕೋಡ್ (ಒಳಗಿನ ತಂತ್ರಾಂಶ) ಬದಲಿಸುವ ಮೊದಲು ಈ ಪರಿಶೀಲನೆ ಮುಗಿದಿರಬೇಕು. ಆಗ ಅಡಾಪ್ಟರ್ ಕಾರ್ಡ್‌ಗಳು ಸರದಿಯಂತೆ ಕೆಲಸ ನಿಲ್ಲಿಸುತ್ತವೆ, ಎಂಟೂ ದಾರಿ ಹೊತ್ತ ಆ ಒಂದು ಕಾರ್ಡ್‌ನ ಸರದಿಯೂ ಬರುತ್ತದೆ.